ಸ್ಟುಟ್‌ಗಾರ್ಟ್‌ನಲ್ಲಿ ಮಾಸ್ಟರ್ಸ್: ಹಾಸ್ಟೆಲ್ಲಾ, ಸ್ಟುಡಿಯೋನಾ, ಶೇರಿಂಗ್ ರೂಮಾ? ಶುಕ್ರವಾರದೊಳಗೆ ಹೇಳಬೇಕಂತೆ

ತುಂಗಾತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ತಿರ. ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಓದಿ, ಬೆಂಗಳೂರಿನಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದೆ. ಈಗ ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಅಕ್ಟೋಬರ್ ಮಧ್ಯದಲ್ಲಿ ಕ್ಲಾಸು ಶುರು. ವೀಸಾಗಾಗಿ ಒಂದು ವರ್ಷದ ಖರ್ಚನ್ನು ಮುಂಚೆಯೇ ಕಟ್ಟಿಡುವ ಬ್ಲಾಕ್ಡ್ ಅಕೌಂಟಿಗೆ 11,904 ಯೂರೋ ಹಾಕಿ ಆಯಿತು. ಹಾಕುವ ದಿನ ಅಪ್ಪ ಬ್ಯಾಂಕಿನಿಂದ ಮನೆವರೆಗೆ ಒಂದು ಮಾತೂ ಆಡಲಿಲ್ಲ.

ಈಗ ಉಳಿದಿರುವುದು ರೂಮು. ನನ್ನ ಮುಂದೆ ಮೂರು ದಾರಿ ಇವೆ.

ಮೊದಲನೆಯದು ಸ್ಟುಡೀರೆಂಡೆನ್‌ವೆರ್ಕ್, ಅಂದರೆ ಅಲ್ಲಿಯ ವಿದ್ಯಾರ್ಥಿ ಸೌಲಭ್ಯ ಸಂಸ್ಥೆಯವರ ಹಾಸ್ಟೆಲ್. ಅರ್ಜಿ ಹಾಕಿದ್ದೇನೆ. ಅರ್ಜಿ ತಲುಪಿದೆ ಅನ್ನುವ ಮೇಲ್ ಬಿಟ್ಟರೆ ಆ ಕಡೆಯಿಂದ ಸುದ್ದಿಯೇ ಇಲ್ಲ. ಸೀನಿಯರ್‌ಗಳು ಅಲ್ಲಿ 350ರಿಂದ 400 ಯೂರೋ ಕೊಡುತ್ತಿದ್ದಾರಂತೆ.

ಎರಡನೆಯದು ಒಂದು ಖಾಸಗಿ ಸ್ಟೂಡೆಂಟ್ ರೆಸಿಡೆನ್ಸ್. ಒಬ್ಬರಿಗೇ ಸ್ಟುಡಿಯೋ, 20 ಚದರ ಮೀಟರ್. ಅಡುಗೆ ಕಟ್ಟೆ, ಬಾತ್‌ರೂಮು ಎಲ್ಲ ಒಳಗೇ. ತಿಂಗಳಿಗೆ 790 ಯೂರೋ, ಒಂದು ವರ್ಷದ ಕರಾರಿಗೆ ಸಹಿ ಹಾಕಬೇಕು.

ಮೂರನೆಯದು ಆನ್‌ಲೈನ್‌ನಲ್ಲಿ ಸಿಕ್ಕ ಶೇರಿಂಗ್ ರೂಮು. ವಿಳಾಸ 71665 ಫೈಹಿಂಗೆನ್ ಅಂತ ಇದೆ. ನಮ್ಮ ಕ್ಯಾಂಪಸ್ಸೂ ಫೈಹಿಂಗೆನ್‌ನಲ್ಲೇ, ಹಾಗಾಗಿ ನಡೆದೇ ಹೋಗಬಹುದು ಅಂದುಕೊಂಡಿದ್ದೇನೆ. 420 ಯೂರೋ. ಮರದ ನೆಲ, ಬಾಲ್ಕನಿ, ಕುಂಡದಲ್ಲಿ ಗಿಡ, ಫೋಟೋ ನೋಡಿದರೆ ಬೇಡ ಅನ್ನಲು ಮನಸ್ಸೇ ಬರುವುದಿಲ್ಲ. ಮಾಲೀಕರು ಸದ್ಯ ಸ್ಪೇನ್‌ನಲ್ಲಿ ಇದ್ದಾರಂತೆ. ತುಂಬಾ ಮರ್ಯಾದೆಯಾಗಿ ಮೇಲ್ ಬರೆಯುತ್ತಾರೆ. ಎರಡು ತಿಂಗಳ ಡೆಪಾಸಿಟ್ 840 ಯೂರೋ ಮತ್ತು ಪಾಸ್‌ಪೋರ್ಟ್ ಕಾಪಿ ಕಳಿಸಿದರೆ ಕೀಲಿ ಕೊರಿಯರ್ ಮಾಡುತ್ತಾರಂತೆ. ಬೇರೆಯವರೂ ಕೇಳುತ್ತಿದ್ದಾರೆ, ಶುಕ್ರವಾರದೊಳಗೆ ಹೇಳಿ ಅಂದಿದ್ದಾರೆ.

ಅಮ್ಮನ ಚಿಂತೆ ಬೇರೆಯೇ. ನಾವು ಸಸ್ಯಾಹಾರಿಗಳು. "ಮಾಂಸ ಬೇಯಿಸಿದ ಪಾತ್ರೆಯಲ್ಲೇ ನೀನೂ ಬೇಯಿಸಿಕೊಳ್ಳಬೇಕಾ?" ಅಂತ ದಿನಾ ಕೇಳುತ್ತಾರೆ. ಅಲ್ಲಿ ಇದ್ದವರು, ಇದ್ದು ಬಂದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ_ಎಸ್1:

ಮೂರನೇದಕ್ಕ ಒಂದು ಪೈಸೆನೂ ಕಳಿಸಬ್ಯಾಡ್ರಿ. ಪಾಸ್‌ಪೋರ್ಟೂ ಕಳಿಸಬ್ಯಾಡ್ರಿ. ಉಳಿದದ್ದು ರಾತ್ರಿ ಮನೆಗೆ ಹೋಗಿ ಬರೆಯುತ್ತೇನೆ, ಈಗ ರೈಲಿನಲ್ಲಿ ನಿಂತಿದ್ದೇನೆ.

ನೆಕ್ಕರ್_ಅಕ್ಕ:

ತಂಗೀ, ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೆ? ನಾನು ಸಾಗರದ ಕಡೆಯವಳು. ಇದೇ ಊರಿನಲ್ಲಿ ಓದಿ, ಇಲ್ಲೇ ಕೆಲಸಕ್ಕೆ ಸೇರಿದ್ದೇನೆ. ಪ್ರತಿ ಜುಲೈ, ಆಗಸ್ಟ್ ಬಂತೆಂದರೆ ಊರಿನ ಕಡೆಯ ಯಾರಾದರೊಬ್ಬರು ಇದೇ ಪ್ರಶ್ನೆ ಹಿಡಿದು ಫೋನ್ ಮಾಡುತ್ತಾರೆ. ಹಾಗಾಗಿ ಉತ್ತರ ಉದ್ದ ಇದೆ, ಕಾಫಿ ಮಾಡಿಕೊಂಡು ಕೂರು.

ಸ್ಪೇನ್ ಮಾಲೀಕನನ್ನು ಮೊದಲು ಮುಗಿಸಿಬಿಡೋಣ. ಮಾಲೀಕ ಇನ್ನೊಂದು ದೇಶದಲ್ಲಿ, ಕೀಲಿ ಕೊರಿಯರ್‌ನಲ್ಲಿ, ದುಡ್ಡು ಮಾತ್ರ ಮುಂಚೆ. ಈ ಮೂರೂ ಒಟ್ಟಿಗೆ ಬಂದರೆ ಅಲ್ಲಿ ರೂಮೇ ಇರುವುದಿಲ್ಲ. ಫೋಟೋ ಇನ್ಯಾರದೋ ಜಾಹೀರಾತಿನಿಂದ ಎತ್ತಿದ್ದು. ಪಾಸ್‌ಪೋರ್ಟ್ ಕಾಪಿ ಕೊಟ್ಟರೆ ಮುಂದಿನ ಸಲ ಅವನು ನಿನ್ನ ಪಾಸ್‌ಪೋರ್ಟ್ ತೋರಿಸಿ ಬೇರೆಯವರನ್ನು ನಂಬಿಸುತ್ತಾನೆ. ಇನ್ನೊಂದು ತಮಾಷೆ ನೋಡು. 71665 ಅಂದರೆ ಫೈಹಿಂಗೆನ್ ಆನ್ ಡೆರ್ ಎಂಟ್ಸ್. ಅದು ಎಂಟ್ಸ್ ನದಿಯ ದಂಡೆಯ ಬೇರೆಯದೇ ಊರು, ಸ್ಟುಟ್‌ಗಾರ್ಟ್‌ನಿಂದ ವಾಯವ್ಯಕ್ಕೆ ರೈಲು ಹತ್ತಿ ಹೋಗಬೇಕು. ಕ್ಯಾಂಪಸ್ ಇರುವುದು ಸ್ಟುಟ್‌ಗಾರ್ಟ್ ನಗರದೊಳಗಿನ ಫೈಹಿಂಗೆನ್, ಪಿನ್ 70569. ನಿಜವಾದ ಜಾಹೀರಾತುಗಳಲ್ಲೂ ಇದು ನೋಡಬೇಕಾದ ವಿಷಯ. ಊರಿನ ಹೆಸರು ನಂಬಬೇಡ, ಪಿನ್ ನೋಡು.

ಈಗ ನಿಜವಾದ ವಿಷಯ. ಎಲ್ಲರೂ ಬಾಡಿಗೆ ನೋಡುತ್ತಾರೆ, ಆಮೇಲೆ ಫೋಟೋ ನೋಡುತ್ತಾರೆ. ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ಆ ವಿಳಾಸದಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದಾ? ಇಲ್ಲಿ ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ, ನಾನು ಇಂಥ ಕಡೆ ಇದ್ದೇನೆ ಅಂತ ಬರೆಸಬೇಕು. ಅದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ಒಂದು ಪತ್ರ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್. ಹೇಳಲು ಹೋಗಬೇಡ, ಎಲ್ಲೆಡೆ ಕಾಪಿ ಪೇಸ್ಟ್ ಮಾಡು. ಈ ನೋಂದಣಿ ಆದ ಮೇಲೆಯೇ ಟ್ಯಾಕ್ಸ್ ನಂಬರ್ ಪೋಸ್ಟಿನಲ್ಲಿ ಬರುವುದು. ಪಾರ್ಟ್ ಟೈಮ್ ಕೆಲಸ ಕೊಡುವವರು ಆ ನಂಬರ್ ಕೇಳುತ್ತಾರೆ. ವೀಸಾ ಮುಗಿಯುವ ಮೊದಲು ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕುವಾಗಲೂ ಇದೇ ಕಾಗದ. "ಬಾಡಿಗೆ ಕಡಿಮೆ, ಆದರೆ ಆನ್‌ಮೆಲ್ಡುಂಗ್ ಇಲ್ಲ" ಅಂತ ಕೆಲವರು ಜಾಹೀರಾತಿನಲ್ಲೇ ಬರೆದಿರುತ್ತಾರೆ. ಪಾಪ, ಅವರಾದರೂ ಹೇಳುತ್ತಾರೆ. ಹೇಳದೇ ಇರುವವರು ಜಾಸ್ತಿ. ಒಳ್ಳೆ ರೂಮು, ಆದರೆ ಆ ಪತ್ರ ಕೊಡುವುದಿಲ್ಲ ಅಂದರೆ ನನ್ನ ಪ್ರಕಾರ ಅದು ರೂಮೇ ಅಲ್ಲ.

ಇದರ ಜೊತೆಗೇ ಒಂದು ಸಣ್ಣ ಕೆಲಸ. ಬಂದ ದಿನವೇ ಪೋಸ್ಟ್ ಡಬ್ಬದ ಮೇಲೆ ನಿನ್ನ ಹೆಸರು ಅಂಟಿಸು. ಇಲ್ಲಿ ಪೋಸ್ಟ್‌ಮನ್ ರೂಮ್ ನಂಬರ್ ನೋಡುವುದಿಲ್ಲ, ಡಬ್ಬದ ಮೇಲಿನ ಹೆಸರು ನೋಡುತ್ತಾನೆ. ಹೆಸರಿಲ್ಲದಿದ್ದರೆ ಕಾಗದ ವಾಪಸ್. ಪಾಸ್‌ಪೋರ್ಟಿನಲ್ಲಿ ನಿನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿಕೊಂಡಿದ್ದರೆ ಎಷ್ಟು ಹಿಡಿಯುತ್ತದೋ ಅಷ್ಟೂ ಬರೆ. ಕಚೇರಿಯವರು ಅದರಲ್ಲಿ ಯಾವುದನ್ನು ಮನೆತನದ ಹೆಸರು ಮಾಡುತ್ತಾರೋ ದೇವರಿಗೇ ಗೊತ್ತು.

ಬಾಡಿಗೆ ವಿಷಯಕ್ಕೆ ಬಂದರೆ, ಜಾಹೀರಾತಿನಲ್ಲಿ ಕಾಲ್ಟ್ ಅಂತ ಇದ್ದರೆ ಬರೀ ಗೋಡೆಯ ಬಾಡಿಗೆ. ವಾರ್ಮ್ ಅಂತ ಇದ್ದರೆ ಸಾಮಾನ್ಯವಾಗಿ ಹೀಟಿಂಗ್, ನೀರು, ಕಸ ಸೇರಿರುತ್ತದೆ. ಕರೆಂಟು, ಇಂಟರ್ನೆಟ್ಟು ಆಮೇಲೂ ಬೇರೆ ಇರಬಹುದು, ಕೇಳಿ ತಿಳಿದುಕೋ. ಡೆಪಾಸಿಟ್ಟಿಗೆ ಕಾನೂನಿನ ಮಿತಿ ಇದೆ, ಕಾಲ್ಟ್ ಬಾಡಿಗೆಯ ಮೂರು ಪಟ್ಟು ಮೀರುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ನಿನಗಿದೆ. ಮೊದಲ ಕಂತು ಬಾಡಿಗೆ ಶುರುವಾದಾಗ. "ಪೂರ್ತಿ ಈಗಲೇ" ಅನ್ನುವವರಿಗೆ ಇದನ್ನು ಮೆತ್ತಗೆ ನೆನಪಿಸಬಹುದು, ಆದರೆ ಅಕ್ಟೋಬರ್‌ನಲ್ಲಿ ರೂಮು ಹುಡುಕುವವರಿಗೆ ಜೋರಾಗಿ ಹೇಳುವ ಧೈರ್ಯ ಇರುವುದಿಲ್ಲ ಅನ್ನುವುದೂ ನನಗೆ ಗೊತ್ತು.

ಡೆಪಾಸಿಟ್ ವಾಪಸ್ ಬರಬೇಕು ಅಂದರೆ ಕೀಲಿ ತೆಗೆದುಕೊಳ್ಳುವ ದಿನವೇ ಕೆಲಸ ಶುರು. ರೂಮಿನಲ್ಲಿ ಏನೇನು ಹಾಳಾಗಿದೆ ಅಂತ ಒಂದು ಕಾಗದ ಬರೆದು ಇಬ್ಬರೂ ಸಹಿ ಹಾಕುತ್ತಾರೆ. ಗೀರು, ಕಲೆ, ಸಿಂಕಿನ ಬಿರುಕು, ಎಲ್ಲ ಫೋಟೋ ತೆಗೆ. ನನ್ನ ಹಳೆಯ ಮಾಲೀಕರೊಬ್ಬರು ನಾನು ಬರುವ ಮೊದಲೇ ಇದ್ದ ಸುಟ್ಟ ಕಲೆಗೆ ನನ್ನ ದುಡ್ಡು ಹಿಡಿಯಲು ನೋಡಿದರು. ಫೋಟೋ ಕಳಿಸಿದೆ, ಮಾತು ನಿಂತಿತು.

ಆಮೇಲೆ ಗೋಡೆಯ ಬೂಷ್ಟು. ಮಲೆನಾಡಿನವಳಿಗೆ ಬೂಷ್ಟಿನ ಪಾಠ ಬೇಡ, ಆದರೆ ಇಲ್ಲಿ ಅದು ಚಳಿಗಾಲದಲ್ಲಿ ಬರುತ್ತದೆ. ಕಿಟಕಿ ಬಿಗಿಯಾಗಿ ಮುಚ್ಚಿ, ಕುಕ್ಕರ್ ಇಟ್ಟು, ಬಟ್ಟೆಯನ್ನೂ ಒಳಗೇ ಒಣಗಿಸಿದರೆ ಮೂಲೆ ಕಪ್ಪಾಗುತ್ತದೆ. ಮಾಲೀಕರು ಅದನ್ನು ನಿನ್ನ ತಲೆಗೆ ಕಟ್ಟುತ್ತಾರೆ. ಎಷ್ಟೇ ಚಳಿ ಇರಲಿ, ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆರೆದು ಐದು ಹತ್ತು ನಿಮಿಷ ಬಿಡಬೇಕು. ಇದನ್ನು ಕೆಲವರು ಕರಾರಿನಲ್ಲೇ ಬರೆದಿರುತ್ತಾರೆ, ನಗಬೇಡ.

ಅಮ್ಮನಿಗೆ ಹೀಗೆ ಹೇಳು. ಶೇರಿಂಗ್ ಅಡುಗೆಮನೆಯಲ್ಲಿ ಫ್ರಿಜ್ಜಿನ ಒಂದು ಅಂತಸ್ತು, ಕಪಾಟಿನ ಒಂದು ಖಾನೆ ನಿನಗೆ ಸಿಗುವುದು ವಾಡಿಕೆ. ಪಾತ್ರೆ ನಿನ್ನದೇ ಇಟ್ಟುಕೋ. ನಿನ್ನ ಬಾಣಲೆ ಮುಟ್ಟಬೇಡಿ ಅಂದರೆ ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ, ಅವರಲ್ಲೂ ಮಾಂಸ ಬಿಟ್ಟವರಿರುತ್ತಾರೆ. ಪಕ್ಕದ ಒಲೆಯಲ್ಲಿ ಮಾಂಸ ಬೇಯುವುದನ್ನು ಮಾತ್ರ ತಪ್ಪಿಸಲು ಆಗುವುದಿಲ್ಲ. ಅದು ಆಗುವುದೇ ಇಲ್ಲ ಅಂದರೆ ಸಸ್ಯಾಹಾರಿಗಳೇ ಇರುವ ಶೇರಿಂಗ್ ಮನೆ ಹುಡುಕು, ಜಾಹೀರಾತಿನಲ್ಲಿ ಹಾಗೆಂದೇ ಹಾಕಿರುತ್ತಾರೆ. ಒಗ್ಗರಣೆ ಹಾಕುವಾಗ ಮಾತ್ರ ಜೋಪಾನ. ಸ್ಮೋಕ್ ಅಲಾರಂ ಎಲ್ಲ ಕಡೆ ಇದೆ. ಹಾಸ್ಟೆಲ್ಲಿನಲ್ಲಿ ಅದು ಅಗ್ನಿಶಾಮಕ ದಳಕ್ಕೇ ಜೋಡಿಸಿದ್ದರೆ ಒಣಮೆಣಸಿನಕಾಯಿಯ ಘಾಟಿಗೆ ಇಡೀ ಕಟ್ಟಡ ಕೆಳಗಿಳಿಯುತ್ತದೆ.

ನನ್ನ ಸಲಹೆ: ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಇರಲಿ. ಸ್ಪ್ಯಾಮ್ ಫೋಲ್ಡರ್ ದಿನಾ ನೋಡು. ಅವರ ಮೇಲ್ ಬಂದರೆ ಕೊಟ್ಟ ಗಡುವಿನೊಳಗೆ ಉತ್ತರಿಸು, ಯಾವ ಕಟ್ಟಡ ಕೊಟ್ಟರೂ ಹೂಂ ಅನ್ನು. ಆಲ್ಮಂಡ್‌ರಿಂಗ್, ಪ್ಫಾಫೆನ್‌ವಾಲ್ಡ್ ಕಡೆಯದ್ದು ಸಿಕ್ಕರೆ ಕ್ಯಾಂಪಸ್ಸಿನಲ್ಲೇ ಮಲಗಿ ಏಳಬಹುದು. ಅಷ್ಟರೊಳಗೆ ಬರದಿದ್ದರೆ ಟ್ಸ್ವಿಶೆನ್‌ಮೀಟೆ ಹುಡುಕು. ಇಂಟರ್ನ್‌ಶಿಪ್‌ಗೆ ಬೇರೆ ಊರಿಗೆ ಹೋಗುವ ವಿದ್ಯಾರ್ಥಿಗಳು ತಮ್ಮ ರೂಮನ್ನು ಕೆಲವು ತಿಂಗಳಿಗೆ ಬಿಟ್ಟುಕೊಡುತ್ತಾರೆ. ಮೂಲ ಮಾಲೀಕರ ಒಪ್ಪಿಗೆ ಇದೆಯಾ, ನೋಂದಣಿ ಆಗುತ್ತದಾ, ಇವೆರಡನ್ನು ಕೇಳು. ವಿಡಿಯೋ ಕಾಲ್‌ನಲ್ಲಿ ಕಿಟಕಿಯ ಹೊರಗೆ ಏನಿದೆ ತೋರಿಸಿ ಅನ್ನು. ಮೊದಲ ರೂಮಿನಲ್ಲೇ ಡಿಗ್ರಿ ಮುಗಿಸುವವರು ಕಡಿಮೆ, ಹಾಗಾಗಿ ಇದನ್ನೇ ಕಾಯಂ ಮನೆ ಅಂದುಕೊಂಡು ತಲೆ ಕೆಡಿಸಿಕೊಳ್ಳಬೇಡ.

ಮೈಸೂರು_ಹಿರಿಯ:

ನನ್ನ ಮಗಳು ಬೇರೆ ಊರಿನಲ್ಲಿ, ಆದರೂ ಜರ್ಮನಿಯಲ್ಲೇ ಓದುತ್ತಿದ್ದಾಳೆ. ನಾನು ಸ್ಟುಡಿಯೋ ಪರ. ಹೆಣ್ಣು ಮಗು, ಮೊದಲ ಸಲ ದೇಶ ಬಿಟ್ಟು ಹೋಗುತ್ತಿದೆ. ಬಾಗಿಲು ಹಾಕಿಕೊಂಡರೆ ತನ್ನ ಪಾಡಿಗೆ ತಾನು. ಅಡುಗೆಯ ತಕರಾರೂ ಇಲ್ಲ. ದುಡ್ಡು ಹೋದರೆ ಸಂಪಾದಿಸಬಹುದು. ಮೊದಲ ವರ್ಷ ನೆಮ್ಮದಿ ಮುಖ್ಯ ಅಲ್ವಾ?

ನೆಕ್ಕರ್_ಅಕ್ಕ:

ಸರ್, ನಿಮ್ಮ ಮಾತು ಅರ್ಥವಾಗುತ್ತದೆ. ನಮ್ಮ ಅಪ್ಪನೂ ಇದನ್ನೇ ಹೇಳಿದ್ದರು. ಆದರೆ ಲೆಕ್ಕ ನೋಡಿ. ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ಕೈಗೆ ಬರುವುದು 992 ಯೂರೋ. ಸ್ಟುಡಿಯೋಗೆ 790. ಆರೋಗ್ಯ ವಿಮೆಗೆ 140ರ ಮೇಲೆ. ಉಳಿಯುವುದು 60 ಯೂರೋ ಆಸುಪಾಸು. ಅದರಲ್ಲಿ ಊಟ, ಫೋನು, ರೈಲು ಟಿಕೆಟ್ಟು ಎಲ್ಲ ಆಗಬೇಕು. ಇದರ ಮೇಲೆ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ನಮ್ಮಂಥ ಯುರೋಪಿನ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಫೀಸು ಬೇರೆ. ಜರ್ಮನಿಯಲ್ಲಿ ಓದು ಪುಕ್ಕಟೆ ಅಂತ ಕೇಳಿ ಬಂದವರು ಇಲ್ಲಿಗೆ ಬಂದ ಮೇಲೆ ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ.

ಮನೆಯಿಂದ ತಿಂಗಳು ತಿಂಗಳು ಕಳಿಸುವ ಶಕ್ತಿ ಇದ್ದರೆ ಸ್ಟುಡಿಯೋ ತಪ್ಪಲ್ಲ. ಇಲ್ಲದಿದ್ದರೆ ಬಂದ ಮೊದಲ ತಿಂಗಳಿಂದಲೇ ಕೆಲಸಕ್ಕೆ ಓಡಬೇಕು. ವಿದ್ಯಾರ್ಥಿ ಪರ್ಮಿಟ್‌ನಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು ಅನ್ನುವುದು ನಿಜ. ಆದರೆ ಮೊದಲ ಸೆಮಿಸ್ಟರ್‌ನ ಥರ್ಮೋಡೈನಾಮಿಕ್ಸ್ ಪರೀಕ್ಷೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಾಗಿಲು ಹಾಕಿಕೊಂಡರೆ ನೆಮ್ಮದಿ ಅಂದಿರಿ. ನವೆಂಬರ್‌ನಲ್ಲಿ ಐದು ಗಂಟೆಯ ಒಳಗೆ ಕತ್ತಲಾಗುತ್ತದೆ ಸರ್. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಇನ್ನೊಂದು ಜೀವ ಪಾತ್ರೆ ಸದ್ದು ಮಾಡುತ್ತಿದ್ದರೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಸುರಕ್ಷತೆ ಬೇಕಾದರೆ ಹುಡುಗಿಯರೇ ಇರುವ ಶೇರಿಂಗ್ ಮನೆಗಳೂ ಸಿಗುತ್ತವೆ.

ಹುಬ್ಬಳ್ಳಿ_ಎಸ್1:

ಅಕ್ಕಾರು ಹೇಳದೇ ಬಿಟ್ಟ ಎರಡು ಮಾತು ಬರೆಯುತ್ತೇನೆ. ನಾನು ಆಡುಗೋಡಿಯ ಆಫೀಸಿನಿಂದ ಇಲ್ಲಿಗೆ ಬಂದವನು, ಬೋಬ್ಲಿಂಗೆನ್‌ನಲ್ಲಿ ಇದ್ದೇನೆ. ನಮ್ಮ ಮನೆಯ ಒಂದು ರೂಮು ವಿದ್ಯಾರ್ಥಿಗಳಿಗೇ ಕೊಡುತ್ತೇವೆ. ಸದ್ಯ ಖಾಲಿ ಇಲ್ಲ, ಕೇಳಬೇಡಿ.

ಊರೊಳಗೇ ಇರಬೇಕು ಅಂತ ಹಟ ಮಾಡಬೇಡಿ. ಆದರೆ ನಕ್ಷೆಯಲ್ಲಿ ಕಿಲೋಮೀಟರ್ ಅಳೆದು ರೂಮು ಆರಿಸಬೇಡಿ, ರೈಲಿನ ಗೆರೆ ನೋಡಿ. ಎಸ್1, ಎಸ್2, ಎಸ್3 ಈ ಮೂರು ಲೋಕಲ್ ರೈಲುಗಳು ಮಾತ್ರ ಕ್ಯಾಂಪಸ್ಸಿನ ಸ್ಟೇಷನ್ನಿನಲ್ಲಿ ನಿಲ್ಲುತ್ತವೆ. ಸ್ಟೇಷನ್ ಹೆಸರೇ ಊನಿವೆರ್ಸಿಟೇಟ್. ಬೋಬ್ಲಿಂಗೆನ್, ಎಸ್ಲಿಂಗೆನ್ ಎರಡೂ ಎಸ್1ರ ಮೇಲೆ ಇವೆ. ವೈಬ್ಲಿಂಗೆನ್, ಫೆಲ್‌ಬಾಖ್ ಎಸ್2, ಎಸ್3ರ ಮೇಲೆ. ಹತ್ತಿ ಕೂತರೆ ಸೀದಾ ಕ್ಯಾಂಪಸ್. ಲುಡ್ವಿಗ್ಸ್‌ಬುರ್ಗ್ ಚಂದದ ಊರು, ಅರಮನೆ ಇದೆ, ಆದರೆ ಅಲ್ಲಿಯ ಎಸ್4, ಎಸ್5 ಕ್ಯಾಂಪಸ್ಸಿಗೆ ಬರುವುದಿಲ್ಲ, ದಿನಾ ಬದಲಾಯಿಸಬೇಕು. ಹೊಸ ರೈಲ್ವೆ ಸ್ಟೇಷನ್ನಿನ ಸ್ಟುಟ್‌ಗಾರ್ಟ್ 21 ಕಾಮಗಾರಿ 2010ರಿಂದ ನಡೆದೇ ಇದೆ, ಅದರ ಕಾಟಕ್ಕೆ ಆಗಾಗ ರೈಲು ತಪ್ಪುತ್ತದೆ. ಒಂದು ರೈಲು ತಪ್ಪುವುದೇ ಸಾಕು, ಎರಡು ಯಾಕೆ? ಟಿಕೆಟ್ ಖರ್ಚಿಗೆ ಹೆದರಬೇಡಿ. 27 ತುಂಬದ ವಿದ್ಯಾರ್ಥಿಗಳಿಗೆ ಈ ರಾಜ್ಯದಲ್ಲಿ ಕಡಿಮೆ ದರದ ಡಾಯ್ಚ್‌ಲಾಂಡ್ ಟಿಕೆಟ್ ಇದೆ, ದೂರ ಇದ್ದರೂ ಹತ್ತಿರ ಇದ್ದರೂ ಅದೇ ದುಡ್ಡು.

ಎರಡನೆಯದು ರೇಡಿಯೋ ಫೀಸು, ಅಂದರೆ ಇಲ್ಲಿಯ ಸಾರ್ವಜನಿಕ ರೇಡಿಯೋ, ಟಿವಿಗೆ ಕಟ್ಟುವ ಶುಲ್ಕ. ಮನೆಯಲ್ಲಿ ಟಿವಿ ಇರಲಿ ಬಿಡಲಿ, ತಿಂಗಳಿಗೆ 18.36 ಯೂರೋ. ಇದು ಮನೆಗೆ ಒಂದು, ತಲೆಗೆ ಒಂದಲ್ಲ. ನಾಲ್ಕು ಜನರ ಶೇರಿಂಗ್ ಮನೆಯಾದರೆ ಹಂಚಿಕೊಂಡು ನಾಲ್ಕೂವರೆ ಯೂರೋ ಆಗುತ್ತದೆ. ಹಾಸ್ಟೆಲ್ಲಿನಲ್ಲಿ ಎಲ್ಲರೂ ಓಡಾಡುವ ಕಾರಿಡಾರಿಗೆ ನಿಮ್ಮ ರೂಮಿನ ಬಾಗಿಲು ತೆರೆದರೆ ಅದೇ ಒಂದು ಮನೆ ಅಂತ ಲೆಕ್ಕ, ಪೂರ್ತಿ ನೀವೇ ಕಟ್ಟಬೇಕು. ನೋಂದಣಿ ಆದ ಮೇಲೆ ಪತ್ರ ತಾನಾಗೇ ಬರುತ್ತದೆ. ಜಾಹೀರಾತಿನ ಕಾಗದ ಅಂತ ಎಸೆಯಬೇಡಿ.

ಮತ್ತೆ ಕೇರ್‌ವೋಖೆ ಬಗ್ಗೆ ಹುಡುಗಿಗೆ ಯಾರೂ ಹೇಳಲೇ ಇಲ್ಲ! ಈ ಸ್ವಾಬಿಯಾ ಕಡೆಯ ಪದ್ಧತಿ ಇದು. ಬಾಗಿಲಿಗೆ ಒಂದು ಹಲಗೆ ನೇತುಬಿದ್ದರೆ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ನಿಮ್ಮದು. ಕೆಲವು ಕಡೆ ಮನೆ ಮುಂದಿನ ಹಿಮ ತೆಗೆಯುವುದೂ ಸೇರಿರುತ್ತದೆ. ಮೆಟ್ಟಿಲು ಚೊಕ್ಕ ಇದ್ದರೂ ಗುಡಿಸಿ. ಗುಡಿಸುವುದು ಮೇಲಿನ ಮನೆಯ ಅಜ್ಜಿಗೆ ಕಾಣಬೇಕು, ಅದು ಮುಖ್ಯ.

ತುಂಗಾತೀರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಪೇನ್ ಮಾಲೀಕನಿಗೆ, ನನ್ನ ಪರಿಚಯದವರು ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ, ಅವರು ಬಂದು ರೂಮು ನೋಡಬಹುದಾ ಅಂತ ಬರೆದೆ. ಆಮೇಲೆ ಉತ್ತರವೇ ಇಲ್ಲ. ಅಪ್ಪನಿಗೆ ತೋರಿಸಿದೆ, "ಶುಕ್ರವಾರ ಅವನಿಗೇ ಬೇಡವಾಯ್ತಾ" ಅಂದರು.

ಸ್ಟುಡಿಯೋ ಬಿಟ್ಟಿದ್ದೇನೆ. ಮೈಸೂರು ಸರ್, ಬೇಜಾರು ಮಾಡಿಕೊಳ್ಳಬೇಡಿ, ಅಮ್ಮ ನಿಮ್ಮ ಪಕ್ಷವೇ. ಎಸ್ಲಿಂಗೆನ್‌ನಲ್ಲಿ ಮೂರು ಹುಡುಗಿಯರ ಮನೆ ಒಂದು ಸಿಕ್ಕಿದೆ. ಫೆಬ್ರವರಿ ಕೊನೆವರೆಗೆ, 430 ವಾರ್ಮ್. ಒಬ್ಬಳು ಇಂಟರ್ನ್‌ಶಿಪ್‌ಗೆ ಹೋಗುತ್ತಿದ್ದಾಳೆ. ವಿಡಿಯೋದಲ್ಲಿ ಮನೆ ತೋರಿಸಿದಳು, ಕಿಟಕಿಯ ಹೊರಗೆ ದ್ರಾಕ್ಷಿ ತೋಟ ಇದೆ. ನೋಂದಣಿ ಪತ್ರ ಕೊಡುತ್ತಾರೆ, ಮಾಲೀಕರ ಒಪ್ಪಿಗೆಯ ಮೇಲ್ ಕೂಡ ಕಳಿಸಿದ್ದಾಳೆ. ಡೆಪಾಸಿಟ್ ಕೀಲಿ ಕೊಡುವಾಗ. ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಹಾಗೇ ಇದೆ.

ಕರಾರು ಅಕ್ಟೋಬರ್ 5, ಸೋಮವಾರದಿಂದ. ನನ್ನ ಫ್ಲೈಟು 3ಕ್ಕೆ ಬೆಳಿಗ್ಗೆ ಇಳಿಯುತ್ತದೆ. ಎರಡು ರಾತ್ರಿ ಹಾಸ್ಟೆಲ್ ಥರದ್ದು ಎಲ್ಲಾದರೂ ಹೋದ ಮೇಲೆ ನೋಡಿಕೊಂಡರೆ ಆಗುತ್ತದಾ?

ನೆಕ್ಕರ್_ಅಕ್ಕ:

ಆಗುವುದಿಲ್ಲ. ಆ ದಿನಗಳಲ್ಲಿ ಕಾನ್‌ಷ್ಟಾಟ್‌ನ ಫೋಕ್ಸ್‌ಫೆಸ್ಟ್ ಜಾತ್ರೆ ಇರುತ್ತದೆ. ಸೆಪ್ಟೆಂಬರ್ ಕೊನೆಗೆ ಶುರುವಾದರೆ ಅಕ್ಟೋಬರ್‌ವರೆಗೂ ನಡೆಯುತ್ತದೆ, ಹೋಟೆಲ್ ರೇಟು ಆಕಾಶಕ್ಕೆ ಏರುತ್ತದೆ. ಯೂತ್ ಹಾಸ್ಟೆಲ್ ಇದೆ, ಇವತ್ತೇ ಬುಕ್ ಮಾಡು. ಇನ್ನೊಂದು ವಿಷಯ. ಅಕ್ಟೋಬರ್ 3 ಇಲ್ಲಿ ರಾಷ್ಟ್ರೀಯ ರಜೆ, ಮರುದಿನ ಭಾನುವಾರ. ಎರಡು ದಿನವೂ ಅಂಗಡಿ ಬಾಗಿಲು ತೆರೆಯುವುದಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಒಂದೆರಡು ತೆರೆದಿರುತ್ತವೆ, ದುಬಾರಿ. ಅಮ್ಮನಿಗೆ ಹೇಳಿ ಚಪಾತಿ, ಚಟ್ನಿಪುಡಿ ಕಟ್ಟಿಸಿಕೋ. ತುಪ್ಪ ಮಾತ್ರ ಬೇಡ, ಹಾಲಿನ ಪದಾರ್ಥ ಯುರೋಪಿನೊಳಗೆ ತರುವಂತಿಲ್ಲ.

ಹುಬ್ಬಳ್ಳಿ_ಎಸ್1:

ಕುಕ್ಕರ್ ತರುವುದಾದರೆ ತಳ ಚಪ್ಪಟೆ ಇರುವ ಸ್ಟೀಲಿನದ್ದೇ ತನ್ನಿ. ಇಲ್ಲಿ ಗ್ಯಾಸ್ ಒಲೆ ಅಪರೂಪ, ಇಂಡಕ್ಷನ್ ಇದ್ದರೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ. ಮನೆಯಲ್ಲಿ ಯಾವ ಒಲೆ ಇದೆ ಅಂತ ಆ ಹುಡುಗಿಗೆ ಒಂದು ಮೆಸೇಜ್ ಹಾಕಿ ಕೇಳಿಬಿಡ್ರಿ.